ಕ್ಯಾರಮೆಲ್ ಹರಿದ ಹೊತ್ತು

ಮೂವತ್ತೊಂದು ವರ್ಷದ ಹಿಂದೆ, ಪುಣೆಯ ಕ್ಯಾಂಪಿನ ಒಂದು ಇರಾಣಿ ಹೋಟೆಲಿನಲ್ಲಿ ಒಬ್ಬರು ಇನ್ನೊಬ್ಬರ ಕೈಮೇಲೆ ಕೈಯಿಟ್ಟು, "ಇದನ್ನ ಯಾರ ಮುಂದೂ ಹೇಳೂದಿಲ್ಲ" ಎಂದು ಮಾತು ಕೊಟ್ಟಿದ್ದರು. ಅಂಥದೊಂದು ಮಾತು ಇತ್ತೆನ್ನುವುದು ನನಗೆ ಗೊತ್ತಾದದ್ದು ಹೋದ ತಿಂಗಳ ಒಂದು ಭಾನುವಾರ. ಅದೂ ಒಂದು ತುಂಡು ಪುಡಿಂಗ್ ಕಾಣೆಯಾದದ್ದರಿಂದ, ಮತ್ತು ಮೂರನೇ ಮಹಡಿಯ ತ್ರಿವೇಣಕ್ಕನಿಂದ.

ತ್ರಿವೇಣಕ್ಕ ಗದಗಿನವರು. ಮೂವತ್ತು ವರ್ಷ ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್‌ಸ್ಪೆಕ್ಟರ್ ಆಗಿದ್ದು, ನಿವೃತ್ತಿಯಾದ ಮೇಲೆ ಕೋಥರೂಡದ ನಮ್ಮ ಸೊಸೈಟಿಗೆ ಬಂದವರು. ಇಲ್ಲಿ ಏನಾದರೂ ಕಳೆದರೆ ಜನ ಪೊಲೀಸರಿಗಿಂತ ಮೊದಲು ಅವರ ಮನೆಯ ಗಂಟೆ ಒತ್ತುತ್ತಾರೆ. ಲಿಫ್ಟಿನ ಕನ್ನಡಿ ಬಿಚ್ಚಿದವರನ್ನು ಒಂದು ಸ್ಕ್ರೂ ನೋಡಿ ಹಿಡಿದದ್ದು ಅವರೇ. ಅಂಥ ಸಮಯದಲ್ಲಿ ನನ್ನನ್ನು ಜೊತೆಗೆ ಕರೆಯುತ್ತಾರೆ. ನಾನು ಭೋಸರಿಯ ಒಂದು ಕಾರ್ಖಾನೆಯಲ್ಲಿ ತಯಾರಾದ ಬಿಡಿಭಾಗಗಳ ಅಳತೆ ಪರೀಕ್ಷಿಸುವವಳು. "ಕೂದಲಿನಷ್ಟು ಫರಕು ಕಾಣೂ ಕಣ್ಣು ನಿನ್ನವು ನೀಲಿಮಾ. ನೋಡತಿ, ಆದ್ರ ಯೋಚನಿ ಮಾಡೂದಿಲ್ಲ" ಎನ್ನುವುದು ಅವರ ಹೊಗಳಿಕೆ.

ಆ ಭಾನುವಾರ ನಮ್ಮ ಕಟ್ಟಡದ ತಾರಸಿಯಲ್ಲಿ, ಗಚ್ಚಿಯ ಮೇಲೆ, ಸಿಹಿತಿಂಡಿ ಸ್ಪರ್ಧೆ ಇತ್ತು. ನನ್ನ ಮಗಳು ಪೂರ್ವಾ, ಹದಿನಾಲ್ಕು ವರ್ಷ, ಬಾಳೆಹಣ್ಣು ಮತ್ತು ಕ್ಯಾರಮೆಲ್ಲಿನ ಬ್ರೆಡ್ ಪುಡಿಂಗ್ ಮಾಡುತ್ತೇನೆಂದು ಹಟ ಹಿಡಿದಿದ್ದಳು. ಮೂರು ವಾರ ಅಭ್ಯಾಸ ಮಾಡಿದ್ದಳು. ಎರಡು ಸಲ ಸಕ್ಕರೆ ಹೊತ್ತಿಸಿ ಕಪ್ಪು ಮಾಡಿ, ಬಾಣಲೆಯನ್ನು ತಾನೇ ತಿಕ್ಕಿ, ಏನು ತಪ್ಪಾಯಿತೆಂದು ನೋಟ್‌ಬುಕ್ಕಿನಲ್ಲಿ ನಿಮಿಷ ಸಹಿತ ಬರೆದಿಟ್ಟಿದ್ದಳು. ಕಾರ್ಖಾನೆಯಲ್ಲಿ ನನ್ನ ಕೈಕೆಳಗಿನವರು ಕೂಡ ಅಷ್ಟು ಚೊಕ್ಕ ದಾಖಲೆ ಇಡುವುದಿಲ್ಲ.

ಹಿಂದಿನ ದಿನವೇ ಬ್ರೆಡ್ಡನ್ನು ತುಂಡು ಮಾಡಿ ಒಣಗಲು ಬಿಟ್ಟಿದ್ದಳು. ಬೆಳಿಗ್ಗೆ ಸಿಪ್ಪೆಯ ಮೇಲೆ ಕಪ್ಪು ಚುಕ್ಕೆ ಬಿದ್ದ ಬಾಳೆಹಣ್ಣು ಹೆಚ್ಚಿ, ಹಾಲು, ಮೊಟ್ಟೆ, ಏಲಕ್ಕಿ ಕದಡಿ, ಬ್ರೆಡ್ ಅದನ್ನೆಲ್ಲ ಹೀರಿಕೊಳ್ಳುವ ತನಕ ತಾಳ್ಮೆಯಿಂದ ಕಾದು, ಓವನ್ನಿನೊಳಗೆ ಇಟ್ಟಳು. ಅದು ಬೇಯುತ್ತಿರುವಾಗ ಸಕ್ಕರೆ ಕರಗಿಸಿದಳು. ಸೌಟು ಹಾಕಲಿಲ್ಲ, ಬಾಣಲೆಯನ್ನು ಮಾತ್ರ ಮೆಲ್ಲಗೆ ಆಡಿಸಿದಳು. ಜೇನಿನ ಬಣ್ಣ ಬಂದ ಕ್ಷಣಕ್ಕೆ ಬೆಣ್ಣೆ, ಒಂದಿಷ್ಟು ಹಾಲು. ಹತ್ತು ಗಂಟೆಗೆ ಪುಡಿಂಗ್ ಹೊರಬಂತು. ಉಬ್ಬಿದ ಹೊಂಬಣ್ಣದ ಮೈಮೇಲೆ ಕುದಿಯುವ ಕ್ಯಾರಮೆಲ್ ಸುರಿದಾಗ ಇಡೀ ಮನೆ ಸುಟ್ಟ ಸಕ್ಕರೆಯ ಪರಿಮಳದಿಂದ ತುಂಬಿತು. ವಾರವಿಡೀ ನಿಂತು ದಣಿದ ಕಾಲು ಆ ಹೊತ್ತಿಗೆ ನನಗೆ ನೆನಪಿರಲಿಲ್ಲ.

ಪುಡಿಂಗಿನ ಮೇಲೆ ದೊಡ್ಡ ಸ್ಟೀಲ್ ತಟ್ಟೆ ಮುಚ್ಚಿ, ನಾವಿಬ್ಬರೂ ಕೂಡಲೇ ಗಚ್ಚಿಗೆ ಹೋದೆವು, ಟೇಬಲ್ ಜೋಡಿಸಲು. ಹತ್ತೂವರೆಗೆ ಮರಳಿದೆವು. ಹನ್ನೊಂದು ದಾಟಿದ ಮೇಲೆ ಪಾತ್ರೆ ತೊಳೆಯಲು ಮಾನಮ್ಮ ಬಂದಳು. ಯಾದಗಿರಿ ಕಡೆಯವಳು, ಆರು ವರ್ಷದಿಂದ ನಮ್ಮಲ್ಲಿದ್ದಾಳೆ. ಪೂರ್ವಾ ಸ್ನಾನಕ್ಕೆ ಹೋದಳು, ನಾನು ಕಾರ್ಖಾನೆಯ ಫೋನಿನಲ್ಲಿ ಸಿಕ್ಕಿಕೊಂಡೆ. ನನ್ನ ಗಂಡ ವಿನೀತನಿಗೆ ಕುರಕುಂಭದ ಕಾರ್ಖಾನೆಯಲ್ಲಿ ಭಾನುವಾರದ ಪಾಳಿ. ಅತ್ತೆ ಗೋದಾಬಾಯಿ ತಮ್ಮ ಕೋಣೆಯಲ್ಲಿ ಜಪಕ್ಕೆ ಕುಳಿತಿದ್ದರು. ಮೊಟ್ಟೆ ಬಿದ್ದ ಅಡುಗೆಯ ಹತ್ತಿರ ಅವರು ಸುಳಿಯುವುದೂ ಇಲ್ಲ. ಮೊಟ್ಟೆಗೆಂದೇ ನಮ್ಮಲ್ಲಿ ಬೇರೆ ಪಾತ್ರೆಗಳಿವೆ. ಗುರುತಿಗೆ ಅವುಗಳ ಹಿಡಿಕೆಗೆ ಕೆಂಪು ದಾರ ಕಟ್ಟಿದೆ.

ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗ ಸೊಸೈಟಿ ಕಮಿಟಿಯ ಸಪ್ನಾ ಹೆಸರು ಬರೆದುಕೊಳ್ಳಲು ಬಂದರು. ಬೆಳಗಾವಿಯವರು, ಗಟ್ಟಿ ದನಿ. "ಎಲ್ಲಿ ನಿಮ್ಮ ಮಗಳ ಪರಾಕ್ರಮ, ನೋಡೂಣು ವೈನಿ" ಎಂದು ತಟ್ಟೆ ಎತ್ತಿದರು.

ಒಂದು ಮೂಲೆಯಲ್ಲಿ ಅಂಗೈಯಗಲದ ತುಂಡು ಇರಲಿಲ್ಲ.

"ಅಯ್ಯ, ಅಡಿಗಿಮನ್ಯಾಗ ಯಾರಿದ್ರು?" ಸಪ್ನಾರ ಕಣ್ಣು ಆಗಲೇ ಮಾನಮ್ಮನ ಮೇಲಿತ್ತು.

ಮಾನಮ್ಮ ಸೋಪಿನ ಕೈಯಲ್ಲೇ ತಿರುಗಿದಳು. "ನಾ ಆ ತಾಟು ಮುಟ್ಟಿಲ್ರೀ ಯವ್ವಾ."

"ಮತ್ತ ಬೆಕ್ಕು ಬಂದು ಚೌಕಾಗಿ ಕೊಯ್ಕೊಂಡು ಹೋತೇನು? ವೈನಿ, ನೀವು ಮೆತ್ತಗ ಇದ್ರ ಹಿಂಗ ಆಗೂದು. ನಾ ಗೇಟಿನ ಆ್ಯಪಿನ್ಯಾಗ ಈಕಿ ಎಂಟ್ರಿ ಬಂದ್ ಮಾಡ್ತೀನಿ. ನಾಳಿಂದ ಒಳಗ ಬರೂದ ಬ್ಯಾಡ."

ಮಾನಮ್ಮ ನಮ್ಮ ಸೊಸೈಟಿಯಲ್ಲೇ ನಾಲ್ಕು ಮನೆ ಮಾಡುತ್ತಾಳೆ. ಗೇಟು ಮುಚ್ಚಿದರೆ ನಾಲ್ಕೂ ಹೋದವು. ಅದಕ್ಕಿಂತ ಹೆಚ್ಚಾಗಿ, ಯಾಕೆ ಮುಚ್ಚಿತು ಎನ್ನುವುದು ಅವಳಿಗಿಂತ ಮೊದಲು ಮುಂದಿನ ಸೊಸೈಟಿಗೆ ತಲುಪಿರುತ್ತದೆ.

"ಹಸಿದ್ರ ಕೇಳಿ ತಿಂತೀನ್ರಿ," ಎಂದಳು ಅವಳು. ದನಿ ನಡುಗುತ್ತಿತ್ತು, ಕಣ್ಣು ಮಾತ್ರ ಒಣಗಿತ್ತು. "ಕದ್ದು ತಿನ್ನೂ ಬಾಯಿ ನಂದಲ್ಲ."

ಗದ್ದಲ ಕೇಳಿ ಅತ್ತೆ ಕೋಣೆಯ ಬಾಗಿಲಿಗೆ ಬಂದರು. ಎಲ್ಲರ ಮುಖ ನೋಡಿದರು, ಏನೂ ಅನ್ನದೆ ಒಳಗೆ ಹೋದರು. ತಲೆಗೆ ಟವೆಲ್ ಸುತ್ತಿಕೊಂಡು ಬಂದ ಪೂರ್ವಾ ಪುಡಿಂಗನ್ನು ನೋಡಿದಳು, ಮಾನಮ್ಮನನ್ನು ನೋಡಿದಳು. ಅಳುತ್ತಾಳೆಂದುಕೊಂಡೆ. ಅವಳು, "ಸಪ್ನಾ ಆಂಟಿ, ಒಂದ್ ತಾಸು ತಡೀರಿ. ನಾ ತ್ರಿವೇಣಿ ಅಜ್ಜೀನ ಕರ್ಕೊಂಡ್ ಬರ್ತೀನಿ," ಎಂದು ಒದ್ದೆ ಕೂದಲಲ್ಲೇ ಮೆಟ್ಟಿಲು ಇಳಿದಳು.

ತ್ರಿವೇಣಕ್ಕ ಬಂದವರೇ ಯಾರನ್ನೂ ಏನೂ ಕೇಳಲಿಲ್ಲ. ಕನ್ನಡಕ ಒರೆಸಿ ಪುಡಿಂಗಿನ ಮೇಲೆ ಬಾಗಿದರು.

"ನೀಲಿಮಾ, ಏನ್ ಕಾಣಸ್ತದ?"

"ಒಂದು ತುಂಡು ಇಲ್ಲ."

"ಇಲ್ಲದ್ದು ಎಲ್ಲಾರಿಗೂ ಕಾಣಸ್ತದ. ಇದ್ದದ್ದು ಹೇಳು."

ಮತ್ತೆ ನೋಡಿದೆ. ತುಂಡು ತೆಗೆದ ಗುಂಡಿಯ ಗೋಡೆಗಳ ಮೇಲೆ ಕ್ಯಾರಮೆಲ್ ಎಳೆಎಳೆಯಾಗಿ ಇಳಿದು, ತಳದಲ್ಲಿ ಮಡುಗಟ್ಟಿ, ಗಾಜಿನ ಹಾಗೆ ನುಣ್ಣಗೆ ಗಟ್ಟಿಯಾಗಿತ್ತು. ಅದನ್ನೇ ಹೇಳಿದೆ. ಅವರು ಹೂಂಗುಟ್ಟಿ ಸಿಂಕಿನ ಕಡೆ ತಿರುಗಿದರು. ಕೆಂಪು ದಾರದ ಚಪ್ಪಟೆ ಸೌಟು ಅಲ್ಲಿ ಬಿದ್ದಿತ್ತು, ಮೈತುಂಬ ಕ್ಯಾರಮೆಲ್ ಒಣಗಿ ಅಂಟಿತ್ತು.

"ಇದು ಯಾವಾಗಿಂದ ಇಲ್ಲಿ ಅದ, ಮಾನಮ್ಮ?"

"ನಾ ಬಂದಾಗ ಇತ್ರಿ. ತತ್ತಿ ಸಾಮಾನು ಕಡೀಕ ಬ್ಯಾರೆ ನಾರು ತಗೊಂಡು ತಿಕ್ತೀನಿ. ಅಮ್ಮಾರ ಪದ್ಧತಿ ಹಂಗದರಿ."

ಆಮೇಲೆ ತ್ರಿವೇಣಕ್ಕ ಬಟ್ಟೆ ಒಣಗಿಸುವ ಗ್ಯಾಲರಿಗೆ ಹೋದರು, ನಾನು ಹಿಂದೆ. ಹಗ್ಗದ ಮೇಲೆ ಅತ್ತೆಯ ಎರಡು ಸೀರೆಗಳಿದ್ದವು. ಒಂದು ಗರಿಗರಿಯಾಗಿ ಒಣಗಿತ್ತು, ಇನ್ನೊಂದರ ಸೆರಗಿನಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಕಟ್ಟೆಯ ಕಲ್ಲಿನ ಮೇಲೆ ಅಂಟಂಟು ಕಲೆ, ಅದಕ್ಕೆ ಇರುವೆ ಮುತ್ತಿತ್ತು. ಸುತ್ತಲೂ ನೀರು ಒಣಗಿ ಉಳಿದ ತೆಳುವಾದ ಬಿಳಿ ಗೆರೆ. ಎದುರಿನ ಪೈಪಿನ ಮೇಲೆ ಒಂದು ಕಾಗೆ ಕುಳಿತು ಕೊಕ್ಕು ತಿಕ್ಕಿಕೊಳ್ಳುತ್ತಿತ್ತು. ತ್ರಿವೇಣಕ್ಕ ಅಲ್ಲಿ ಬಹಳ ಹೊತ್ತು ನಿಂತರು. ಅವರ ಮುಖದಲ್ಲಿ ಗೆದ್ದ ಕಳೆ ಇರಲಿಲ್ಲ.

"ಗೊತ್ತಾತೇನು ಅಕ್ಕಾ?"

"ಆತು. ಆದ್ರ ಎಲ್ಲಾ ಹೇಳೂ ಹಕ್ಕು ನಂದಲ್ಲ. ಎಲ್ಲಾರನೂ ಹಾಲಿಗೆ ಕರಿ. ಗೋದಾಬಾಯಾರನ್ನೂ."

ಹಾಲಿನಲ್ಲಿ ಎಲ್ಲರೂ ಸೇರಿದರು. ಸಪ್ನಾ ಸೋಫಾದ ಮೇಲೆ, ಕೈಯಲ್ಲಿ ಮೊಬೈಲು. ಅತ್ತೆ ತಮ್ಮ ಬೆತ್ತದ ಕುರ್ಚಿಯಲ್ಲಿ. ಗೋಡೆಗೆ ಆತು ನಿಂತಿದ್ದ ಮಾನಮ್ಮನನ್ನು ತ್ರಿವೇಣಕ್ಕ ಕೈಹಿಡಿದು ಕುರ್ಚಿಯ ಮೇಲೆ ಕೂರಿಸಿದರು. ನಡುವೆ ಟೀಪಾಯಿಯ ಮೇಲೆ ಪುಡಿಂಗು.

"ಮೊದಲನೇದು, ಸೌಟು," ಎಂದು ಅವರು ಸುರು ಮಾಡಿದರು. "ಸಪ್ನಾ, ನೀನ ಹೇಳು. ಕದ್ದು ಸಿಹಿ ತಿನ್ನಾಂವ ಸೌಟು ನೆಕ್ಕದ ಬಿಡ್ತಾನೇನು?"

"ನಾನಂತೂ ಬಿಡೂದಿಲ್ಲ," ಎಂದಳು ಪೂರ್ವಾ. ಸಪ್ನಾರಿಗೂ ನಗು ತಡೆಯಲಾಗಲಿಲ್ಲ.

"ಇದಕ್ಕ ನಾಲಿಗಿ ಹೋಗಲಿ, ಬೆರಳೂ ಸೋಕಿಲ್ಲ. ಅಂದ್ರ ತಗದವರು ತಾವು ತಿನ್ನಾಕ ತಗದಿಲ್ಲ. ಎರಡನೇದು, ಹೊತ್ತು. ಪುಡಿಂಗ್ ಒಬ್ಬಂಟಿ ಆಗಿದ್ದು ಎರಡು ಸಲ. ಹತ್ತರಿಂದ ಹತ್ತೂವರಿ, ತಾಯಿ ಮಗಳು ಗಚ್ಚಿಮ್ಯಾಲೆ ಇದ್ದಾಗ. ಮತ್ತ ಹನ್ನೊಂದರ ಮ್ಯಾಲೆ, ಮಾನಮ್ಮ ಇದ್ದಾಗ. ಎರಡನೇ ಸಲ ಅಂತ ನೀವೆಲ್ಲಾ ಹಿಡಿದ್ರಿ. ಯಾಕ? ಮಾನಮ್ಮ ಇದ್ಲು, ಅದಕ್ಕ. ಪೂರ್ವಾ, ಕ್ಯಾರಮೆಲ್ ಎಷ್ಟೊತ್ತು ಹರೀತದ?"

ಪೂರ್ವಾ ನೋಟ್‌ಬುಕ್ ತೆರೆದಳು. "ಹೋದ ಭಾನುವಾರ ಅಳೆದೀನಿ ಅಜ್ಜಿ. ಹದಿನೈದು ನಿಮಿಷ ಚಂದ ಹರೀತದ. ಇಪ್ಪತ್ತಕ್ಕ ದಪ್ಪ ಆಗ್ತದ. ಅರ್ಧ ತಾಸಿಗೆ ನಿಂತುಬಿಡ್ತದ."

"ಚಾಕು ಕೊಡು. ಇನ್ನೊಂದು ತುಂಡು ಕೊಯ್ಯಲೇನು? ನಿನ್ನ ಪುಡಿಂಗ್, ಸ್ಪರ್ಧಾಕ್ಕ ಇಟ್ಟಿದ್ದು."

ಮಗಳು ಅರೆಕ್ಷಣವೂ ಯೋಚಿಸಲಿಲ್ಲ. "ಕೊಯ್ರಿ ಅಜ್ಜಿ. ಮಾನಮ್ಮ ಮೊದಲು."

ಅವಳನ್ನು ಹೆತ್ತದ್ದು ನಾನು ಎಂದು ಕೂಗಿ ಹೇಳಬೇಕೆನಿಸಿತು.

ತ್ರಿವೇಣಕ್ಕ ಎದುರಿನ ಮೂಲೆಯಲ್ಲಿ ಅಷ್ಟೇ ಅಗಲದ ತುಂಡು ತೆಗೆದರು. ಗೋಡೆ ಇಟ್ಟಿಗೆಯ ಹಾಗೆ ನೆಟ್ಟಗೆ ನಿಂತಿತು. ಮೇಲಿನ ಕ್ಯಾರಮೆಲ್ ಅಂಚಿನಲ್ಲಿ ಚೊಕ್ಕವಾಗಿ ತುಂಡಾಯಿತು, ಒಂದು ಹನಿಯೂ ಕೆಳಗೆ ಇಳಿಯಲಿಲ್ಲ.

"ಆ ಗುಂಡಿ ನೋಡ್ರಿ, ಈ ಗುಂಡಿ ನೋಡ್ರಿ. ಅಲ್ಲಿ ಕ್ಯಾರಮೆಲ್ ಹರದು ತಳಾ ಮುಟ್ಟೇದ. ಆ ತುಂಡು ತಗದಾಗ ಪುಡಿಂಗ್ ಸುಡುಸುಡು ಇತ್ತು. ಅಂದ್ರ ಹತ್ತೂಕಾಲರ ಒಳಗ. ಸಪ್ನಾ, ನಿನ್ನ ಆ್ಯಪ್ ತಗಿ. ಮಾನಮ್ಮ ಗೇಟ್ ದಾಟಿದ್ದು ಎಷ್ಟಕ್ಕ?"

ಸಪ್ನಾ ಮೊಬೈಲಿನ ಮೇಲೆ ಬೆರಳಾಡಿಸಿದರು, ಹತ್ತಿರ ಹಿಡಿದು ನೋಡಿದರು. "ಹನ್ನೊಂದು ಐದು," ಎಂದರು. ಗಟ್ಟಿ ದನಿ ಅರ್ಧಕ್ಕೆ ಇಳಿದಿತ್ತು.

ಮಾನಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಇಷ್ಟು ಹೊತ್ತು ತಡೆದದ್ದು ಆಗ ಬಂತು.

"ಖರೆ," ಎಂದರು ಸಪ್ನಾ, "ಆದ್ರ ಮತ್ತ ಯಾರು? ಮನ್ಯಾಗ ಆಗ ಯಾರೂ ಇರಲಿಲ್ಲ, ಬಾಗಲಾ ತಾನ ಲಾಕ್ ಆಗ್ತದ. ಹೆಸರು ಹೊರಗ ಬರೂತನಕ ಜನ ಈಕೀನ ಅಂತಾರ. ನಾಲ್ಕೂ ಮನಿಗೆ ನಾ ಏನ್ ಹೇಳ್ಲಿ, ಕ್ಯಾರಮೆಲ್ ಕಥೀನ?"

"ಹೆಸರು ಬೇಕಾಗಿಲ್ಲ," ಎಂದರು ತ್ರಿವೇಣಕ್ಕ.

"ಬೇಕಾಗೇದ." ದನಿ ಬೆತ್ತದ ಕುರ್ಚಿಯಿಂದ ಬಂತು. "ನಾ ತಗೊಂಡೆ."

ಅತ್ತೆ! ಮೊಟ್ಟೆಯ ಸೌಟು ಅಕಸ್ಮಾತ್ ಸೋಕಿದರೂ ಸ್ನಾನ ಮಾಡುವವರು. ಅದಕ್ಕೇ ನಾವ್ಯಾರೂ ಅವರನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಮನೆಯಲ್ಲಿ 'ಯಾರೂ ಇರಲಿಲ್ಲ' ಎಂದಾಗಲೂ ಅವರು ಕೋಣೆಯಲ್ಲೇ ಇದ್ದರು.

"ನಿಮ್ಮ ಮಾವ," ಎಂದು ಅತ್ತೆ ನನ್ನನ್ನು ನೋಡಿದರು, "ಪಂಢರಿನಾಥ ಮಾಸ್ತರು, ಪಾರಾಯಣಕ್ಕ ಊರೆಲ್ಲಾ ಕರೀತಿದ್ರು. ಒಮ್ಮೆ ಕ್ಯಾಂಪಿನ್ಯಾಗ ಮಳಿ ಬಂತಂತ ಇರಾಣಿ ಹೋಟೆಲಿಗೆ ಹೊಕ್ಕಿವಿ. ಪುಡಿಂಗ್ ತಿಂದ್ರು. ಆಮ್ಯಾಲೆ ಅದರಾಗ ತತ್ತಿ ಅದ ಅಂತ ಗೊತ್ತಾತು. ಬಿಡತಾರ ಅಂದ್ಕೊಂಡೆ. ಬಿಡಲಿಲ್ಲ. ತಿಂಗಳಿಗೊಮ್ಮೆ ಹೋಗೂದು. ಅವರು ಪುಡಿಂಗ್, ನಾ ಬರೇ ಚಹಾ. 'ನಾ ಸತ್ತ ಮ್ಯಾಲೂ ಯಾರ ಮುಂದೂ ಹೇಳಬ್ಯಾಡ ಗೋದಾ' ಅಂದ್ರು. ಮಾತು ಕೊಟ್ಟೆ."

ಅತ್ತೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು.

"ಕಡೀಕ ದವಾಖಾನ್ಯಾಗ ಅದನ್ನ ಬೇಡಿದ್ರು. ಯಾರಿಗೆ ಹೇಳಿ ತರಸ್ಲಿ? ಅವರು ಹೋಗಿ ಎಂಟು ವರ್ಷ ಆತು, ಪ್ರತಿ ವರ್ಷ ತಿಥಿಗೆ ಕಾಗಿ ಮುಟ್ಟಾಕ ಭಾಳ ಹೊತ್ತು ಕಾಯಸ್ತದ. ಹೋಳಿಗಿ ಇಡು, ಲಾಡು ಇಡು, ಬರೂದಿಲ್ಲ. ಯಾಕಂತ ನನಗೊಬ್ಬಾಕಿಗೇ ಗೊತ್ತು. ಇವತ್ತ ಆ ವಾಸನಿ ನಮ್ಮ ಮನ್ಯಾಗ ಬಂತು. ಯಾರೂ ಬಾಯಿಗೆ ಹಚ್ಚೂ ಮೊದಲ ಒಂದು ತುಂಡು ತಗದು ಕಟ್ಟಿಮ್ಯಾಲೆ ಇಟ್ಟೆ. ಇಟ್ಟ ಕೈ ಇನ್ನೂ ಹಿಂದ ತಗದಿರಲಿಲ್ಲ, ಕಾಗಿ ಬಂತು."

ಅತ್ತೆ ಎದ್ದು ಮಾನಮ್ಮನ ಎದುರು ನಿಂತರು. "ಒಂದು ತಾಸು ನಿನ್ನ ಕಳ್ಳಿ ಅಂದ್ರು, ನಾ ಬಾಗಲದಾಗ ನಿಂತು ಕೇಳಿ ಸುಮ್ಮನ ಒಳಗ ಹೋದೆ. ತಪ್ಪು ನಂದು."

"ಬಿಡ್ರಿ ಅಮ್ಮಾರ," ಎಂದಳು ಮಾನಮ್ಮ ಮೂಗು ಒರೆಸಿಕೊಳ್ಳುತ್ತ, "ಮಾಸ್ತರು ಹೊಟ್ಟಿತುಂಬ ಉಂಡ್ರಲ್ಲ."

"ನಿಮಗ ಮೊದಲ ಗೊತ್ತಿತ್ತೇನು?" ಎಂದು ಸಪ್ನಾ ತ್ರಿವೇಣಕ್ಕನನ್ನು ಕೇಳಿದರು.

"ಬೆಳಿಗ್ಗೆ ಐದಕ್ಕ ಸ್ನಾನ ಮಾಡೂ ಗೋದಾಬಾಯಾರದ್ದು ಎರಡನೇ ಸೀರಿ ಮಧ್ಯಾಹ್ನ ತೊಟಕ್ತಿತ್ತು. ಏನೋ ಮುಟ್ಟಬಾರದ್ದು ಮುಟ್ಟಿ ಮತ್ತ ಸ್ನಾನ ಮಾಡ್ಯಾರ. ಕಟ್ಟಿಮ್ಯಾಲೆ ಸಿಹಿ ಕಲಿ, ಸುತ್ತ ನೀರಿನ ಗೆರಿ. ಚೆಲ್ಲಿದ ಸಿಹಿಗೆ ಯಾರೂ ನೀರು ಸುತ್ತೂದಿಲ್ಲ, ಎಡಿ ಇಟ್ಟವರು ಸುತ್ತತಾರ. ಯಾರಿಗೆ ಅಂತ ಕಾಗಿ ಹೇಳ್ತು. ಯಾಕ ಅನ್ನೂದು ಮಾತ್ರ ಗೊತ್ತಿರಲಿಲ್ಲ." ನನ್ನ ಕಡೆ ತಿರುಗಿ, "ಇದೆಲ್ಲಾ ನೀನೂ ನೋಡಿದ್ದಿ," ಎಂದರು. ನೋಡಿದ್ದೆ.

ಸಪ್ನಾ ಮಾನಮ್ಮನ ಮುಂದೆಯೇ ಆ್ಯಪ್ ತೆರೆದು ಅವಳ ಎಂಟ್ರಿ ಚಾಲೂ ಇರುವುದನ್ನು ತೋರಿಸಿದರು. "ಚುಕ್ಲಂ ಮಾಝಂ," ಎಂದು ಮರಾಠಿಯಲ್ಲಿ ತಪ್ಪು ಒಪ್ಪಿಕೊಂಡರು. ಕನ್ನಡದಲ್ಲಿ ಅವರಿಗೆ ಅಷ್ಟು ಮೆತ್ತಗೆ ಮಾತಾಡಲು ಬರುವುದಿಲ್ಲವೇನೋ. ಪೂರ್ವಾ ಪುಡಿಂಗನ್ನು ಮತ್ತೆ ಹತ್ತು ನಿಮಿಷ ಬೆಚ್ಚಗೆ ಮಾಡಿದಳು, ಕ್ಯಾರಮೆಲ್ ಮತ್ತೆ ಮಿನುಗಿ ಹರಿಯಿತು. ಅತ್ತೆ ಕೆಂಪು ದಾರದ ಸೌಟನ್ನು ಕೈಗೆತ್ತಿಕೊಂಡು ಮೊದಲ ತಟ್ಟೆಯನ್ನು ಮಾನಮ್ಮನಿಗೆ ತಾವೇ ಬಡಿಸಿದರು. ಅವಳು ಕುರ್ಚಿಯ ಮೇಲೆ ಕುಳಿತೇ ತಿಂದಳು, ಮತ್ತೆ ಕೇಳಿ ಹಾಕಿಸಿಕೊಂಡಳು.

ಉಳಿದದ್ದು ಎರಡು ಮೂಲೆಗಳಿಲ್ಲದೆಯೇ ಗಚ್ಚಿಗೆ ಹೋಯಿತು. ಬಹುಮಾನ ಬರಲಿಲ್ಲ. ಪಾತ್ರೆ ಮಾತ್ರ ತೊಳೆದಷ್ಟು ಚೊಕ್ಕವಾಗಿ ಮರಳಿತು. ಪೂರ್ವಾ ಅದನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು.

ಮಾವನವರಿಗೆ ಕೊಟ್ಟ ಮಾತನ್ನು ಅತ್ತೆ ಮೂವತ್ತೊಂದು ವರ್ಷ ಕಾಪಾಡಿದ್ದರು. ಆ ಭಾನುವಾರ ಮಧ್ಯಾಹ್ನ ಒಂದು ಗಂಟೆಗೆ ಅದನ್ನು ಮುರಿದರು.