ರೆಫರಿ ಬರೆದುಕೊಟ್ಟ ಕಾರಣ

"ಕೋಚ್, ಎದ್ದು ಹೊರಗೆ ನಡೀರಿ!"

ಇಡೀ ಕ್ರೀಡಾಂಗಣ ಅತ್ತ ತಿರುಗಿತು.

ರೆಫರಿ ಬೆರಳು ತೋರಿಸಿದ್ದು ತನಗೇ ಎಂದು ಅವಳಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಹದಿನೆಂಟು ಹುಡುಗಿಯರಿಗೆ ಜೂಡೊ ಕಲಿಸುವ ಕೋಚ್ ಅವಳು. ಈಗ ಮ್ಯಾಟಿನ ಮೇಲೆ ಸೆಣಸುತ್ತಿದ್ದವಳು ಅವಳ ಅಕ್ಕನ ಮಗಳು. ಕಡ್ಡಿಯಂಥ ಮೈ, ಮೂಗಿನ ತುದಿಯಲ್ಲೇ ಕೋಪ. ಅದಕ್ಕೇ ಎಲ್ಲರ ಬಾಯಲ್ಲೂ ಅವಳು ಬೆಂಕಿಕಡ್ಡಿ.

"ನಾನೇನು ಮಾಡಿದೆ?"

"ಆಟ ನಡೀತಿರುವಾಗ ಕೋಚ್ ಮಾತಾಡೋ ಹಾಗಿಲ್ಲ. ನಾನು ಆಟ ನಿಲ್ಲಿಸಿದಾಗ ಮಾತ್ರ. ಆಗಲೇ ಒಂದು ಸಲ ಎಚ್ಚರಿಸಿದ್ದೆ."

"ಮಗು ತಪ್ಪು ಮಾಡ್ತಿದ್ರೆ ಬಾಯಿಗೆ ಬೀಗ ಹಾಕ್ಕೊಂಡು ಕೂರಬೇಕಾ?"

"ಹೌದು."

ಅವನ ದನಿ ಏರಲಿಲ್ಲ, ಕಣ್ಣು ತಗ್ಗಲಿಲ್ಲ. ಅವಳು ಕಾಲು ಅಪ್ಪಳಿಸುತ್ತಾ ಹೊರನಡೆದಳು. ಖಾಲಿ ಕುರ್ಚಿ ನೋಡಿ ಕಂಗಾಲಾದ ಬೆಂಕಿಕಡ್ಡಿ ಅರ್ಧ ನಿಮಿಷದಲ್ಲಿ ಅಂಗಾತ ಬಿದ್ದು ಸೋತಳು.

ಕಲ್ಲು ಹೃದಯದವನು! ಇವನ ಮುಖ ಇನ್ನೊಂದು ಸಲ ಕಂಡರೆ...

ಕಂಡೇಬಿಟ್ಟಿತು! ಸೋಮವಾರ ಸಂಜೆ ಅವಳದೇ ತರಬೇತಿ ಹಾಲಿನ ಬಾಗಿಲಲ್ಲಿ, ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದುಕೊಂಡು ಅವನು ನಿಂತಿದ್ದ.

"ನೀವು ಕೂಗಿ ಹೇಳಿದ್ದು ನೂರಕ್ಕೆ ನೂರು ಸರಿ ಇತ್ತು," ಎಂದ, ಪೀಠಿಕೆಯೇ ಇಲ್ಲದೆ. "ಹೇಳಿದ ಹೊತ್ತು ತಪ್ಪು. ಅಷ್ಟು ಒಳ್ಳೆ ಕೋಚನ್ನ ಹೊರಗೆ ಹಾಕಿದ್ದಕ್ಕೆ ಎರಡು ದಿನದಿಂದ ನನಗೆ ಊಟ ಸೇರ್ತಿಲ್ಲ."

"ಗಾಯದ ಮೇಲೆ ಉಪ್ಪು ಸವರೋಕೆ ಬಂದ್ರಾ?"

"ಅಲ್ಲ. ಎರಡು ತಿಂಗಳಲ್ಲಿ ದೊಡ್ಡ ಪಂದ್ಯಾವಳಿ ಇದೆ. ಅಲ್ಲೂ ಹೊರಗೆ ಹಾಕಿಸಿಕೊಂಡ್ರೆ ಒಂದು ವರ್ಷ ನಿಮಗೆ ಕೋಚ್ ಕುರ್ಚಿ ಇಲ್ಲ. ದಿನಾ ಸಂಜೆ ಆರಕ್ಕೆ ಬಂದು ಅಭ್ಯಾಸದ ಪಂದ್ಯಗಳಿಗೆ ರೆಫರಿ ಆಗ್ತೀನಿ. ಹುಡುಗೀರು ಬೀಳಿಸೋದು ಕಲೀಲಿ, ನೀವು ಸುಮ್ಮನಿರೋದು ಕಲೀರಿ."

ಹದಿನೆಂಟು ಹುಡುಗಿಯರೂ ಕಿಸಕ್ಕೆಂದು ನಕ್ಕರು.

ಅವನ ಉಪಾಯ ಸರಳ. ಆಟ ಶುರುವಾದೊಡನೆ ಅವಳು ಬಾಯಿ ತುಂಬ ನೀರು ತುಂಬಿಕೊಳ್ಳಬೇಕು. ಅವನು ಆಟ ನಿಲ್ಲಿಸಿದಾಗ ಮಾತ್ರ ನುಂಗಿ, ಮಾತಾಡಬೇಕು. ಮೊದಲ ದಿನ ನಾಲ್ಕು ಸಲ ನೆಲ ಒದ್ದೆಯಾಯಿತು. ಐದನೇ ಸಲ ಒದ್ದೆಯಾದದ್ದು ರೆಫರಿಯ ಅಂಗಿ!

"ಬೇಕಂತಲೇ ಮಾಡಿದ್ರಿ!"

ಆಟ ನಡೆಯುತ್ತಿದೆ, ಮಾತಾಡೋ ಹಾಗಿಲ್ಲ ಎಂದು ಅವಳು ತುಟಿಯ ಮೇಲೆ ಬೆರಳಿಟ್ಟು ತೋರಿಸಿದಳು. ಮೊದಲ ಬಾರಿಗೆ ಅವನು ಬಿದ್ದು ಬಿದ್ದು ನಕ್ಕ.

ಬಾಯಿ ಮುಚ್ಚಿದ ಮೇಲೆ ಅವಳ ಕಣ್ಣು ತೆರೆಯಿತು ನೋಡಿ! ಯಾವ ಹುಡುಗಿಯ ಭಾರ ಯಾವ ಕಾಲಿನ ಮೇಲಿದೆ, ಯಾರು ಹೆದರಿ ಉಸಿರು ಹಿಡಿದಿದ್ದಾರೆ, ಎಲ್ಲವೂ ಕಂಡಿತು. ಜೊತೆಗೆ ಅವನೂ ಕಂಡ. ಸೋತು ಅಳುವವಳ ಎದುರು ಮಂಡಿಯೂರಿ, ಅವಳು ಅತ್ತು ಮುಗಿಸುವವರೆಗೂ ಕಾಯುತ್ತಿದ್ದ. ಎಲ್ಲರೂ ಹೋದ ಮೇಲೆ ಮ್ಯಾಟ್ ಒರೆಸಲು ಒಂದು ಬಟ್ಟೆ ತಾನೂ ಹಿಡಿಯುತ್ತಿದ್ದ.

ಬರಬರುತ್ತಾ ಆರು ಗಂಟೆಯ ಆಟಕ್ಕೆ ಅವಳ ಎದೆ ನಾಲ್ಕಕ್ಕೇ ಡವಡವ ಎನ್ನತೊಡಗಿತು. ಅಯ್ಯೋ, ಏನಾಯ್ತು ನನಗೆ?

ಪ್ರೀತಿಯಾಯಿತು, ಇನ್ನೇನಾಗಬೇಕು! ಬೆಂಕಿಕಡ್ಡಿಗೆ ಅದು ಎಂದೋ ಗೊತ್ತಾಗಿತ್ತು.

ಪಂದ್ಯಾವಳಿಗೆ ಐದು ದಿನವಿರುವಾಗ ಅವನು ಬರುವುದನ್ನೇ ನಿಲ್ಲಿಸಿದ. ಅದೇ ಸಂಜೆ ಪಂದ್ಯಗಳ ವೇಳೆ ಕೇಳಲು ಅವಳು ಜೂಡೊ ಸಂಘದ ಕಚೇರಿಗೆ ಫೋನ್ ಮಾಡಿದಳು.

"ನಿಮ್ಮ ಹುಡುಗೀರ ಯಾವ ಪಂದ್ಯಕ್ಕೂ ತನ್ನನ್ನ ಹಾಕಬೇಡಿ ಅಂತ ಆ ರೆಫರಿ ಬರೆದುಕೊಟ್ಟಿದ್ದಾರೆ," ಎಂದರು ಕಾರ್ಯದರ್ಶಿ ಮೇಡಂ. "ಯಾಕೆ, ಏನಾದ್ರೂ ಜಗಳವಾ?"

ಅವಳು ಫೋನ್ ಇಟ್ಟುಬಿಟ್ಟಳು. ನನ್ನ ಜೊತೆ ತನ್ನ ಹೆಸರು ಕೇಳಿಬಂದರೆ ಅವನಿಗೆ ನಾಚಿಕೆ! ಇಷ್ಟು ದಿನ ತೋರಿಸಿದ್ದೆಲ್ಲ ಬರೀ ಕನಿಕರ...

ಅವನಿಂದ ಮೂರು ಸಲ ಫೋನ್ ಬಂತು. ಅವಳು ತೆಗೆಯಲಿಲ್ಲ.

"ಚಿಕ್ಕಮ್ಮ, ಒಂದು ಮಾತು ಕೇಳಿ ನೋಡಬಾರದಾ?"

"ನೀನು ನಿನ್ನ ಆಟ ನೋಡ್ಕೋ!" ಎಂದು ಗದರಿದಳು. ಆಮೇಲೆ ಬಚ್ಚಲಿಗೆ ಹೋಗಿ, ನಲ್ಲಿ ತಿರುಗಿಸಿ, ಸದ್ದಿಲ್ಲದೆ ಅತ್ತಳು.

ಪಂದ್ಯಾವಳಿಯಲ್ಲಿ ಬೆಂಕಿಕಡ್ಡಿ ಒಬ್ಬೊಬ್ಬರನ್ನೇ ಉರುಳಿಸುತ್ತಾ ಫೈನಲ್ ತಲುಪಿದಳು! ಅಷ್ಟರಲ್ಲಿ ಆ ಮ್ಯಾಟಿನ ರೆಫರಿಯ ಕಾಲು ಉಳುಕಿತು. ನರೆಗೂದಲಿನ ಮುಖ್ಯ ರೆಫರಿ ಪಕ್ಕದ ಮ್ಯಾಟಿನಲ್ಲಿದ್ದ ಅವನನ್ನು ಕರೆದರು.

"ಬಾರಯ್ಯ, ಈ ಆಟ ನೀನು ನಡೆಸು. ಮೇಲಿನ ದರ್ಜೆಯ ರೆಫರಿ ಆಗೋಕೆ ನಿನಗೆ ಬಾಕಿ ಇರೋದು ಒಂದೇ ಒಂದು ಫೈನಲ್ ತಾನೇ?"

"ಇದು ಆಗಲ್ಲ ಸರ್."

ಅವಳು ಕುರ್ಚಿಯಿಂದ ದಡಕ್ಕನೆ ಎದ್ದಳು. ಆಟ ಇನ್ನೂ ಶುರುವಾಗಿರಲಿಲ್ಲ, ಹಾಗಾಗಿ ಬಾಯಿಗೆ ತಡೆಯಿರಲಿಲ್ಲ.

"ನಮ್ಮ ಹುಡುಗಿಯ ಆಟ ನಡೆಸಿದ್ರೆ ನಿಮ್ಮ ಮರ್ಯಾದೆ ಹೋಗುತ್ತಾ? ಅಷ್ಟು ಕಡೆಯಾದ್ವಾ ನಾವು?"

ಮುಖ್ಯ ರೆಫರಿ ಇಬ್ಬರನ್ನೂ ನೋಡಿದರು. ಆಗಷ್ಟೇ ನೆನಪಾಗಿ ಹಣೆ ಚಚ್ಚಿಕೊಂಡರು.

"ಏನಮ್ಮ, ಇವನು ನಿನಗೆ ಹೇಳೇ ಇಲ್ವಾ? ಕೋಚ್‌ಗೂ ರೆಫರಿಗೂ ಸಂಬಂಧ ಇದ್ರೆ ಮೊದಲೇ ಬರೆದುಕೊಡಬೇಕು ಅಂತ ನಿಯಮ ಇದೆ." ಫೈಲಿನಿಂದ ಒಂದು ಹಾಳೆ ತೆಗೆದು ಕನ್ನಡಕ ಏರಿಸಿದರು. "ಏನು ಸಂಬಂಧ ಅನ್ನೋ ಕಡೆ ಇವನು ಬರೆದಿರೋದು ಕೇಳು. 'ಇನ್ನೂ ಅವರನ್ನು ಕೇಳಿಲ್ಲ. ಕೇಳುವ ಆಸೆಯಿದೆ.' ಮೂವತ್ತು ವರ್ಷದಲ್ಲಿ ಇಂಥ ಉತ್ತರ ನಾನು ನೋಡಿಲ್ಲ ಕಣಮ್ಮ!"

ಮೇಜಿನ ಸುತ್ತ ಇದ್ದವರೆಲ್ಲ ಗೊಳ್ಳೆಂದರು. ಅವನ ಕಿವಿಗಳು ಕೆಂಪಾದವು. ಅವಳು ಮುಖ ತಿರುಗಿಸಿ ಕುರ್ಚಿಗೆ ಮರಳಿದಳು.

ಬೇರೊಬ್ಬ ರೆಫರಿ ಬಂದರು. ಆಟ ಶುರು!

ಎದುರಾಳಿ ಬೆಂಕಿಕಡ್ಡಿಯನ್ನು ತಳ್ಳಿದಳು, ಮತ್ತೂ ತಳ್ಳಿದಳು, ಅಂಚಿನವರೆಗೂ ಒಯ್ದಳು. ಕೋಚ್ ಕುರ್ಚಿಯಲ್ಲಿ ಅವಳು ತುಟಿ ಕಚ್ಚಿ ಕುಳಿತಳು. ಬೇಡ... ಈಗ ಬೇಡ... ಕೊನೆಗೆ ರೆಫರಿ ಆಟ ನಿಲ್ಲಿಸಿದರು.

"ತಳ್ಳಲಿ ಬಿಡು! ತಡೀಬೇಡ, ತಿರುಗು!"

ಮತ್ತೆ ಹಿಡಿತ, ಮತ್ತೆ ತಳ್ಳಾಟ. ಬೆಂಕಿಕಡ್ಡಿ ಗರಕ್ಕನೆ ತಿರುಗಿ ತೋಳು ಸೆಳೆದಳು. ಎದುರಾಳಿ ಅವಳ ಹೆಗಲ ಮೇಲಿಂದ ಹಾರಿ... ಧಡ್! ಬೆನ್ನು ಪೂರ್ತಿ ಮ್ಯಾಟಿನ ಮೇಲೆ. ಪೂರ್ಣ ಅಂಕ! ಗೆದ್ದಳು!

ಚಿಕ್ಕಮ್ಮನೂ ಮಗಳೂ ತಬ್ಬಿಕೊಂಡು ಅತ್ತು, ನಕ್ಕು, ಮತ್ತೆ ಅತ್ತರು. ತಲೆಯೆತ್ತಿದಾಗ ಅವನು ಎದುರಿಗಿದ್ದ.

"ಯಾಕೆ ಬರೋದು ನಿಲ್ಲಿಸಿದ್ರಿ?"

"ಬರೆದುಕೊಟ್ಟ ಮೇಲೆ ಪಂದ್ಯ ಮುಗಿಯೋವರೆಗೆ ದೂರ ಇರಬೇಕು ಅನ್ನಿಸ್ತು. ಅದನ್ನ ಹೇಳೋಕೇ ಫೋನ್ ಮಾಡಿದ್ದು."

"ಊರಿಗೆಲ್ಲ ಬರೆದುಕೊಟ್ರಿ, ನನಗೊಬ್ಬಳಿಗೆ ಹೇಳಲಿಲ್ಲ!"

"ಈಗ ಹೇಳ್ತೀನಿ. ನೀವಂದ್ರೆ ನನಗೆ ಪ್ರಾಣ. ನನ್ನ ಮದುವೆ ಆಗ್ತೀರಾ?"

ಅವಳ ಕಣ್ಣು ತುಂಬಿ ಬಂತು.

"ಒಪ್ಪಿದ್ರೆ, ನಮ್ಮ ಹುಡುಗೀರ ಆಟ ನೀವು ಜನ್ಮದಲ್ಲಿ ನಡೆಸೋ ಹಾಗಿಲ್ಲ. ಬೇಜಾರಾಗಲ್ವಾ?"

"ಇಲ್ಲ."

"ಹಾಗಾದ್ರೆ ಬನ್ನಿ, ಮೇಲೆ ಗ್ಯಾಲರಿಯಲ್ಲಿ ಕೂತ್ಕೊಳ್ಳೋಣ. ಹುಡುಗರ ಫೈನಲ್ ಶುರುವಾಗ್ತಿದೆ."

"ಅಂದ್ರೆ... ಒಪ್ಪಿಗೆನಾ?"

"ಹೂಂ," ಎಂದು ಅವಳು ಅವನ ಕೈ ಹಿಡಿದಳು. "ನನಗೂ ನೀವಂದ್ರೆ ಪ್ರಾಣವೇ."