ಮೂರನೆಯ ಕಂಪ್ಲೇಂಟು

ವೀರಪ್ಪನವರ ಮನೆಯ ದೀಪ ಮೂರನೆಯ ಸಲ ಕೈಕೊಟ್ಟಿತ್ತು.

ಲಕ್ಕಲಕಟ್ಟಿಯಲ್ಲಿ ಅವರದು ಎರಡು ಮಗ್ಗದ ಮನೆ. ಸಂಜೆ ಕರೆಂಟು ಹೋದ ಮೇಲೂ ಸೀರೆ ನೇಯಬೇಕೆಂದು ಸೋಲಾರ್ ಹಾಕಿಸಿದ್ದರು. ಹಾಕಿದವನು ನಾನು, ಶರಣು. ಗಜೇಂದ್ರಗಡದ ಸುಭಾನಿ ಸಾಹೇಬರ ಅಂಗಡಿಯಲ್ಲಿ ಎಂಟು ತಿಂಗಳಿಂದ ಕೆಲಸ ಕಲಿಯುತ್ತಿದ್ದೆ. ಲೆಕ್ಕ ಹಾಕಿ, ಪ್ಯಾನಲ್ಲು ಕೂಡಿಸಿ, ವೈರು ಎಳೆದು, ಎಲ್ಲವನ್ನೂ ಒಬ್ಬನೇ ಮಾಡಿದ ಮೊದಲ ಮನೆ ಅದು.

"ಮೂರನೇ ಕಂಪ್ಲೇಂಟೂ ನಿನ್ನ ತಪ್ಪಂತಾದ್ರ, ಚೀಲಾ ತಗೊಂಡು ನಿಮ್ಮೂರು ಚಿಕ್ಕನರಗುಂದದ ಬಸ್ ಹತ್ತು," ಎಂದರು ಸಾಹೇಬರು ಬೈಕಿಗೆ ಕಿಕ್ ಹೊಡೆಯುತ್ತ. ನಾನು ಹಿಂದೆ ಹತ್ತಿ ಕುಳಿತೆ.

ನನಗಿದ್ದುದು ಕೆಲಸದ ಭಯವಷ್ಟೇ ಅಲ್ಲ. ಆ ಮನೆಯಲ್ಲಿ ವೀರಪ್ಪನವರ ಮಗಳು ವಿದ್ಯಾಶ್ರೀ ಇದ್ದಳು. ನಾನು ಡಿಸೈನ್ ಮಾಡಿದ ದಿನ ಪಕ್ಕದಲ್ಲೇ ನಿಂತು ನನ್ನ ತಲೆ ತಿಂದವಳು.

"ಒಂಬತ್ತು ವ್ಯಾಟಿನ ದೀಪ ಎರಡು. ನಾಕ ತಾಸಿಗೆ ಎಷ್ಟಾತ್ರಿ?"

"ಎಪ್ಪತ್ತೆರಡು ವ್ಯಾಟ್-ಅವರ್."

"ಮೋಡ ಮುಚ್ಚಿದ್ರ?"

"ಮೂರು ದಿನ ಬಿಸಲಿಲ್ಲದಿದ್ರೂ ಬ್ಯಾಟರಿ ತಡೀತೈತಿ."

"ನಾಕನೇ ದಿನ?" ಎಂದು ಓರೆಗಣ್ಣಲ್ಲಿ ನೋಡಿದ್ದಳು. ಉತ್ತರ ಮರೆತು ನಾನು ಸ್ಕ್ರೂಡ್ರೈವರ್ ಬೀಳಿಸಿದ್ದೆ. ಆ ನೋಟವನ್ನು ಆಮೇಲೆ ಎಷ್ಟು ಸಲ ನೆನೆದಿದ್ದೇನೋ! ಬಾಯಿ ಬಿಟ್ಟು ಹೇಳುವ ಧೈರ್ಯ ಮಾತ್ರ ಬಂದಿರಲಿಲ್ಲ.

ಹಿಂದಿನ ಎರಡು ಸಲವೂ ಬರುವ ದಿನವನ್ನು ಮೊದಲೇ ಹೇಳಿ ಕಳಿಸಿ ಹೋಗಿದ್ದೆ. ವೈರು ಸರಿ, ಫ್ಯೂಸು ಸರಿ, ಬ್ಯಾಟರಿ ಮಾತ್ರ ಖಾಲಿ. ಇವತ್ತು ಸಾಹೇಬರು ಯಾರಿಗೂ ತಿಳಿಸದೆ ನಡು ಮಧ್ಯಾಹ್ನ ಹೊರಡಿಸಿದ್ದರು.

ಬೈಕ್ ನಿಲ್ಲುತ್ತಲೇ ವೀರಪ್ಪನವರು ಶುರುಮಾಡಿದರು. "ಏಳೂವರಿಗೆ ದೀಪ ಆರಿದ್ರ ಮಗ್ಗ ಹ್ಯಾಂಗ ನಡೀಬೇಕ್ರಿ ಸಾಹೇಬ್ರ? ಈ ಹುಡುಗಗ ಏನೂ ಬರಂಗಿಲ್ಲ. ಬಿಚ್ಚಗೊಂಡು ಹೋಗ್ರಿ."

ನಾನು ಏಣಿ ಹತ್ತಿದೆ.

ಮಾಳಿಗೆಯ ಮೇಲೆ ಪ್ಯಾನಲ್ಲೇ ಕಾಣಲಿಲ್ಲ. ಅದರ ಮೇಲೆ ಧೋತರ ಹಾಸಿ ಯಾರೋ ಶಾವಿಗೆ ಒಣಹಾಕಿದ್ದರು. ಪಕ್ಕದಲ್ಲಿ ವಿದ್ಯಾಶ್ರೀ ಕುಳಿತು ಕಾಗೆ ಓಡಿಸುತ್ತಿದ್ದಳು. ನನ್ನನ್ನು ಕಂಡು ದಡಬಡಿಸಿ ಎದ್ದಳು.

"ಅಯ್ಯ, ಹೇಳದ ಕೇಳದ ಬಂದ್ರಿ?"

"ನೆರಳು ಬಿದ್ರ ಬ್ಯಾಟರಿ ತುಂಬಂಗಿಲ್ಲ ಅಂತ ನಿನಗ ಹೇಳಿದ್ದೆ."

"ಗೊತ್ತೈತ್ರಿ. ಮೂರು ದಿನ ತಡೀತೈತಿ ಅಂದಿದ್ರಿ. ಅದಕ್ಕ ಪ್ರತಿ ಸಲ ನಾಕ ದಿನ ಮುಚ್ಚಿದೆ."

"ಯಾಕ?"

ಅವಳು ಒಮ್ಮೆ ನನ್ನ ಮುಖ ನೋಡಿದಳು. ರೆಪ್ಪೆ ಇಳಿಸಿದಳು. ಮತ್ತೆ ಎತ್ತಿ ನೋಡಿದಳು. ಕಿವಿಯ ತುದಿಯವರೆಗೂ ಕೆಂಪೇರಿತ್ತು. ನಾನೆಷ್ಟೇ ದಡ್ಡನಾದರೂ ಆಗ ತಿಳಿಯಿತು. ಕುಣಿದಾಡುವಷ್ಟು ಸಂತೋಷವಾಯಿತು, ಅದರ ಬೆನ್ನಿಗೇ ಕೆಟ್ಟ ಸಿಟ್ಟು ಬಂತು.

"ಇದು ಮೂರನೇ ಕಂಪ್ಲೇಂಟು. ಇವತ್ತ ನನ್ನ ಕೆಲಸ ಹೋಗತೈತಿ, ಗೊತ್ತೇನು?"

ಅವಳ ಮುಖ ಬಿಳಿಚಿತು. "ಖರೇನ? ನನಗ್ಯಾರೂ ಹೇಳಲಿಲ್ಲ..."

"ಏನ್ ಸಿಕ್ತೋ ಶರಣು?" ಕೆಳಗಿನಿಂದ ಸಾಹೇಬರು ಕೂಗಿದರು.

ನಿಜ ಹೇಳಿದರೆ ಅವಳ ಹೆಸರು ಓಣಿಯವರ ಬಾಯಿಗೆ ಬೀಳುತ್ತದೆ. ಕೆಳಗಿಳಿದು ಕಂಪ್ಲೇಂಟ್ ಕಾರ್ಡಿನಲ್ಲಿ 'ಡಿಸೈನ್ ತಪ್ಪು' ಎಂದು ಬರೆದು ಸಹಿ ಹಾಕಿದೆ.

ಸಾಹೇಬರು ಓದಿ ಕಾರ್ಡು ಮಡಚಿದರು. "ಚೀಲಾ ತಗೋ," ಎಂದರು.

"ಅವರ ಲೆಕ್ಕ ತಪ್ಪಿಲ್ರಿ!"

ವಿದ್ಯಾಶ್ರೀ ಏಣಿ ಇಳಿಯುತ್ತಿದ್ದಳು. "ದಿನಕ್ಕ ಬೇಕಾಗೂದು ಎಪ್ಪತ್ತೆರಡು. ಮೂವತ್ತೇಳು ವ್ಯಾಟಿನ ಪ್ಯಾನಲ್ಲು, ನಾಕ ತಾಸು ಚಲೋ ಬಿಸಲು. ನಡುವ ಹಾಳಾಗೂದು ಬಿಟ್ರೂ ನೂರು ಸಿಗತೈತಿ. ಮುಚ್ಚಿದಾಕಿ ನಾನು."

ಸಾಹೇಬರು ಕಾರ್ಡನ್ನು ಮತ್ತೆ ಬಿಚ್ಚಿ ನೋಡಿದರು.

"ಶಾವಿಗಿಗೆ ಬ್ಯಾರೆ ಜಾಗಾ ಇರಲಿಲ್ಲೇನು?" ವೀರಪ್ಪನವರು ಗದರಿದರು.

"ಶಾವಿಗಿ ಬರೇ ನೆವ, ಅಪ್ಪಾ." ಅವಳ ಕಣ್ಣು ನನ್ನ ಮೇಲೇ ಇತ್ತು. "ದೀಪ ಸರಿ ಇದ್ದಿದ್ರ ಇವರು ನಮ್ಮನಿಗೆ ಯಾಕ ಬರತಿದ್ರು?"

ಒಳಗೆ ಮಗ್ಗದ ಸದ್ದು ನಿಂತಿತು. ಅವಳ ಅವ್ವ ತಿಪ್ಪವ್ವ ಬಾಗಿಲಿಗೆ ಬಂದು ನಿಂತರು.

ವೀರಪ್ಪನವರು ಕಣ್ಣು ಕೆಂಪಗೆ ಮಾಡಿಕೊಂಡು ನನ್ನತ್ತ ತಿರುಗಿದರು. "ನೀನ್ಯಾಕ ಸುಳ್ಳು ಬರದಿ?"

ನಾನು ಪೆನ್ನು ಜೇಬಿಗಿಟ್ಟೆ. "ಆಕಿ ಹೆಸರು ಕೆಡಬಾರದಂತ್ರಿ. ಕೆಲಸ ಇನ್ನೊಂದು ಸಿಗತೈತಿ. ಇಂಥಾಕಿ ಇನ್ನೊಬ್ಬಾಕಿ ನನಗೆಲ್ಲಿ ಸಿಗತಾಳ್ರಿ?"

ಹೊಡೆಯುತ್ತಾರೆಂದೇ ನಾನು ಕಾದು ನಿಂತೆ.

"ಸುಮ್ನ ಯಾಕ ನಿಂತ್ರಿ? ಕೇಳೂದ ಕೇಳ್ರಿ," ಎಂದರು ತಿಪ್ಪವ್ವ ಗಂಡನಿಗೆ.

ವೀರಪ್ಪನವರು ಮಗಳನ್ನು ನೋಡಿದರು. ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಕೊನೆಗೆ, ಹೆಣ್ಣು ಕೊಡುವವರು ಮೊದಲು ಕೇಳುವ ಮಾತನ್ನೇ ಕೇಳಿದರು.

"ಚಿಕ್ಕನರಗುಂದದಾಗ ಯಾರ ಮನಿಯವರು ನೀವು?"

ನಾನು ಅಪ್ಪನ ಹೆಸರು ಹೇಳುವ ಮೊದಲೇ ಸುಭಾನಿ ಸಾಹೇಬರು ಕಾರ್ಡು ಹರಿದು ಜೇಬಿಗೆ ಹಾಕಿಕೊಂಡು ಮುಂದೆ ಬಂದರು.

"ಅದನ್ನ ನಾ ಹೇಳತೀನಿ ಕೂಡ್ರಿ, ವೀರಪ್ಪನವರ. ಚಲೋ ಮನಿತನ. ಹುಡುಗ ನಮ್ಮ ಅಂಗಡ್ಯಾಗ ಟೆಕ್ನಿಷಿಯನ್ ಇದ್ದಾನ."