ಅಮರೇಶನ ಹಾಲುಹಲ್ಲು

ಹಲ್ಲು ಯಂತ್ರದೊಳಗೆ ನಿಧಾನವಾಗಿ ತಿರುಗುತ್ತಿತ್ತು. ಹೊಲಿಗೆ ಮಷೀನಿನಷ್ಟೇ ಇದ್ದ ಆ ಉಪಕರಣಕ್ಕೆ, ಅದನ್ನು ಕಟ್ಟಿದ ಡಾ. ಅಂಬಿಕಾ ಇಟ್ಟ ಹೆಸರು ಪದರದರ್ಶಕ. ಹಾಲುಹಲ್ಲು ಬಾಯಲ್ಲಿ ಮೂಡುವುದು ಮಗು ಹುಟ್ಟಿದ ಎಷ್ಟೋ ತಿಂಗಳ ಮೇಲೆ. ಆದರೆ ಅದು ತಯಾರಾಗತೊಡಗುವುದು ತಾಯಿಯ ಹೊಟ್ಟೆಯಲ್ಲೇ, ಬಸುರಿನ ನಡುಭಾಗದಿಂದ, ಒಂದರ ಮೇಲೊಂದು ಪದರವಾಗಿ. ಯಾವ ದಿನ ತಾಯಿಯ ರಕ್ತದಿಂದ ಕೂಸಿಗೆ ಏನು ಹರಿದು ಬಂತೋ ಅದರ ಕುರುಹು ಆ ದಿನದ ಪದರದಲ್ಲಿ ಉಳಿದುಬಿಡುತ್ತದೆ. ಪದರದರ್ಶಕ ಕೂದಲಿಗಿಂತ ಸಣ್ಣ ಬೆಳಕಿನ ಎಳೆಯೊಂದನ್ನು ಹಾಯಿಸಿ ಆ ಪದರಗಳನ್ನು ಓದುತ್ತಿತ್ತು. ಮದ್ಯಸಾರ ತಲುಪಿದ ದಿನಗಳು ಪರದೆಯ ಮೇಲೆ ಕೆಂಪಗೆ ಕಾಣುತ್ತಿದ್ದವು.

ಯಂತ್ರ ಬಂದು ಕೆಲವೇ ವರ್ಷಗಳಾಗಿದ್ದವು. ಅಷ್ಟರಲ್ಲೇ ಎಷ್ಟು ಬದಲಾವಣೆ! ಹಟಮಾರಿ, ಸೋಮಾರಿ, ತಲೆಯಲ್ಲಿ ಮಣ್ಣು ತುಂಬಿದೆ ಎಂದು ಬೈಸಿಕೊಳ್ಳುತ್ತಿದ್ದ ಮಕ್ಕಳ ಹಲ್ಲುಗಳನ್ನು ಶಾಲೆಗಳೇ ಕಳಿಸಿಕೊಡುತ್ತಿದ್ದವು. ಅಂಥ ಮಕ್ಕಳಿಗೆ ಒಮ್ಮೆಗೆ ಒಂದೇ ಕೆಲಸ ಹೇಳಬೇಕು, ಹತ್ತು ಸಲ ಹೇಳಬೇಕು, ಹೊಡೆಯಬಾರದು ಎಂದು ಮಾಸ್ತರರೂ ಕಲಿತಿದ್ದರು. ಇದು ಒಳ್ಳೆಯ ಮುಖ. ಇನ್ನೊಂದು ಮುಖವೂ ಇತ್ತು. ಮದುವೆ ಮಾತುಕತೆಗೆ ಬಂದವರು ಹುಡುಗಿಯ ಹಾಲುಹಲ್ಲು ತೋರಿಸಿ ಎನ್ನತೊಡಗಿದ್ದರು. ಪರದೆ ಕೆಂಪಾದರೆ ಸಾಕು, ಓಣಿಯ ಬಾಯಿಗೆಲ್ಲ ತಾಯಿಯೇ ಆಹಾರ. ಹಾಗಾಗಿ ತಾಯಂದಿರು ಅಂಬಿಕಾಳ ಪ್ರಯೋಗಾಲಯದ ಬಾಗಿಲು ಕಂಡರೆ ಬೆಚ್ಚುತ್ತಿದ್ದರು.

ಇವತ್ತು ತಿರುಗುತ್ತಿದ್ದ ಹಲ್ಲು ಮಾತ್ರ ಮಗುವಿನದಲ್ಲ. ಅಂಬಿಕಾಳ ತಮ್ಮ ಅಮರೇಶನಿಗೆ ನಲವತ್ತರ ಹತ್ತಿರ ವಯಸ್ಸು. ಕೆಲವರಿಗೆ ಒಂದು ದವಡೆಹಲ್ಲಿನ ಜಾಗದಲ್ಲಿ ಹೊಸದು ಹುಟ್ಟುವುದೇ ಇಲ್ಲ, ಹಾಲುಹಲ್ಲೇ ಉಳಿದುಕೊಳ್ಳುತ್ತದೆ. ಅವನದು ಹಾಗೇ ಉಳಿದು, ಮೊನ್ನೆ ಶೇಂಗಾ ಉಂಡಿ ಕಡಿಯುವಾಗ ಕಿತ್ತುಬಂದಿತ್ತು. ಅಂಗೈಯಲ್ಲಿ ಹಿಡಿದುಕೊಂಡು ಸೀದಾ ಅಕ್ಕನ ಬಳಿ ಓಡಿಬಂದಿದ್ದ.

"ಏನಂತದಬೇ ನನ್ನ ಹಲ್ಲು? ಮಾತಾಡ್ತದೋ ಇಲ್ಲೋ?"

"ತಡಿಯೋ ಮಾರಾಯ, ಈಗ ಕುಂತೀದಿ."

"ಕುಂದ್ರಾಕ ಬರ್ತಿದ್ರ ನಾ ಯಾಕ ಇಷ್ಟು ಕೆಲಸ ಬಿಡ್ತಿದ್ದೆ?" ಎಂದು ಅವನೇ ನಕ್ಕ.

ನಿಜವೇ. ಅವನು ಬಿಟ್ಟ ಕೆಲಸಗಳ ಲೆಕ್ಕ ಮನೆಯವರು ಎಂದೋ ಕೈಬಿಟ್ಟಿದ್ದರು. ಅಂಬಿಕಾಳಿಗೆ ಹಳೆಯ ದಿನಗಳು ನೆನಪಾದವು. ಊರ ಹಳ್ಳದ ದಂಡೆಗೆ ಆಗ ಈಚಲ ಬನವಿತ್ತು. ಅಪ್ಪ ನಸುಕಿನಲ್ಲೇ ಮರವೇರಿ ಶೇಂದಿಯ ಗಡಿಗೆ ಇಳಿಸುತ್ತಿದ್ದ. ಆ ಹುಳಿಸಿಹಿ ವಾಸನೆ, ಮರದ ಬುಡದಲ್ಲಿ ಮುಕುರುವ ಜೇನುನೊಣ, ಹಿಂದೆ ಬಾಲದಂತೆ ಪುಟ್ಟ ಅಮರೇಶ. ಎಣ್ಣೆ ತಾರೋ ಎಂದು ಅಂಗಡಿಗೆ ಕಳಿಸಿದರೆ ಡಬ್ಬಿ ಯಾರಿಗೋ ಕೊಟ್ಟು ಮೇಕೆಮರಿ ಎತ್ತಿಕೊಂಡು ಬರುವ ಆಸಾಮಿ! ಅವ್ವ ಕಟ್ಟಿಗೆ ತಗೊಂಡು ಬಾರಿಸುತ್ತಿದ್ದಳು, ಆಮೇಲೆ ತಾನೇ ಅಳುತ್ತ ಬಾಸುಂಡೆಗೆ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದಳು. ಮರುದಿನ ಮತ್ತೆ ಅದೇ ಕತೆ. ನಿನ್ನೆಯ ಏಟು ಇವತ್ತಿಗೆ ಪಾಠವಾಗುತ್ತಲೇ ಇರಲಿಲ್ಲ. ಪ್ರಪಂಚದಲ್ಲಿ ಅಂಬಿಕಾಳಿಗೆ ಅವನಷ್ಟು ಪ್ರೀತಿಯವರು ಯಾರೂ ಇರಲಿಲ್ಲ. ಈ ಯಂತ್ರದ ಹುಚ್ಚು ಹಿಡಿದದ್ದೂ ಅವನಿಂದಲೇ.

ಪರದೆ ತುಂಬತೊಡಗಿತು. ಮೊದಲ ಪದರದಿಂದ, ಹುಟ್ಟಿದ ದಿನ ಹಲ್ಲಿನಲ್ಲಿ ಮೂಡುವ ಗೆರೆಯವರೆಗೆ, ಬೆಳ್ಳಗಿನ ದಿನಗಳು ಅಲ್ಲೊಂದು ಇಲ್ಲೊಂದು. ಉಳಿದದ್ದೆಲ್ಲ ಕೆಂಪು.

ಅಂಬಿಕಾ ಕುರ್ಚಿ ಎಳೆದುಕೊಂಡು ತಮ್ಮನ ಎದುರು ಕೂತಳು. "ನೋಡಪ, ತಾಯಿ ಕುಡದದ್ದು ಹೊಕ್ಕಳಬಳ್ಳಿ ದಾಟಿ ಕೂಸಿಗೂ ಹೋಗ್ತದ. ದೊಡ್ಡವರ ಪಿತ್ತಜನಕಾಂಗ ಅದನ್ನ ಅರಗಿಸ್ತದ, ಕೂಸಿಂದು ಇನ್ನೂ ಎಳೀದು, ಅದಕ್ಕ ಆಗೂದಿಲ್ಲ. ಮಿದುಳು ಕಟ್ಟಿಕೊಳ್ಳೋ ಹೊತ್ತು ಅದು. ಜೀವಕೋಶಗಳು ತಮ್ಮ ಜಾಗ ಮುಟ್ಟೋದಿಲ್ಲ, ಕೆಲವು ಸತ್ತೇ ಹೋಗ್ತಾವ. ಹಣಿ ಹಿಂದಿನ ಭಾಗ ಅದಲ್ಲ, ಅದು ಗಾಡಿಗೆ ಬ್ರೇಕ್ ಇದ್ದಂಗ. ತಡಿ, ವಿಚಾರ ಮಾಡು ಅಂತ ಹೇಳೋದು ಅದು. ನಿನಗ ಆ ಬ್ರೇಕ್ ಸರಿ ಕೂಡಲಿಲ್ಲ."

ಅಮರೇಶ ಪರದೆಯ ಕೆಂಪಿನ ಮೇಲೆ ಬೆರಳಾಡಿಸಿದ. "ಅಂದ್ರ ನಾ ಕೆಟ್ಟಾಂವ ಅಲ್ಲ?"

"ಅಲ್ಲೋ ನನ್ನಪ್ಪ. ಯಾವತ್ತೂ ಅಲ್ಲ."

ಅವನು ನಗಲು ಹೋಗಿ ಅತ್ತುಬಿಟ್ಟ. ಅಂಗಿಯ ತೋಳಿನಿಂದ ಮೂಗೊರೆಸಿಕೊಂಡು ಎದ್ದು ನಿಂತ. "ನಡಿ, ಅವ್ವಗ ಹೇಳೂಣು!"

ಅಂಬಿಕಾ ಅವನ ತೋಳು ಹಿಡಿದು ನಿಲ್ಲಿಸಿದಳು. ಅವ್ವ ಹುಲಿಗೆಮ್ಮ ಬದುಕಿನಲ್ಲಿ ಸುಖಪಟ್ಟದ್ದೇ ಕಡಿಮೆ. ಅವಳ ಅತ್ತೆ ಬೆಂಕಿಯಂಥ ಹೆಂಗಸು. ಆ ಅತ್ತೆ ಸೊಸೆಯನ್ನು ಕೈಯಲ್ಲಿಟ್ಟು ನೋಡಿಕೊಂಡದ್ದು ಅಮರೇಶ ಹೊಟ್ಟೆಯಲ್ಲಿದ್ದ ತಿಂಗಳುಗಳಲ್ಲಿ ಮಾತ್ರ. ದಿನಾ ಬೆಳಗ್ಗೆ ಮೊದಲ ಗಡಿಗೆಯ ಸಿಹಿ ಶೇಂದಿಯನ್ನು ಬಟ್ಟೆಯಲ್ಲಿ ಸೋಸಿ ತಾನೇ ಕುಡಿಸುತ್ತಿದ್ದಳಂತೆ, ಹೊಟ್ಟೆ ತಂಪಾಗಲಿ, ಕೂಸು ಬೆಳ್ಳಗೆ ಹುಟ್ಟಲಿ ಎಂದು. ಮಧ್ಯಾಹ್ನದ ಹುಳಿ ಶೇಂದಿಗೆ ಮಾತ್ರ ನಶೆ ಇರುತ್ತದೆ, ಬೆಳಗಿನ ಸಿಹಿ ಬರೀ ಹಾಲು ಎಂದು ಶೇಂದಿ ಇಳಿಸುವ ಆ ಮನೆಯಲ್ಲಿ ಎಲ್ಲರೂ ನಂಬಿದ್ದರು. ಗಡಿಗೆ ತೊಳೆದರೆ ರುಚಿ ಹೋಗುತ್ತದೆಂದು ತೊಳೆಯುತ್ತಲೂ ಇರಲಿಲ್ಲ. ಹಳೆಯ ಮಡ್ಡಿ ಅಂಟಿದ ಆ ಗಡಿಗೆಯಲ್ಲಿ ರಾತ್ರಿಯಿಡೀ ತೊಟ್ಟಿಕ್ಕಿದ ರಸ ಬೆಳಗಾಗುವುದರೊಳಗೇ ಅರ್ಧ ಹುದುಗಿರುತ್ತದೆ, ಸಿಹಿ ಅದನ್ನು ಮುಚ್ಚಿಡುತ್ತದೆ ಎಂಬುದು ಅವರಿಗೆ ಹೊಳೆಯಲೇ ಇಲ್ಲ. ಅಂಬಿಕಾ ಹೊಟ್ಟೆಯಲ್ಲಿದ್ದಾಗ ವಾಂತಿ ವಿಪರೀತವಾಗಿ ಅವ್ವ ಮೊದಲೇ ತವರಿಗೆ ಹೋಗಿದ್ದಳು. ಅಂಬಿಕಾ ಪಾರಾದದ್ದು ಹಾಗೆ.

"ಅವ್ವಗ ಉಳದಿರೋ ಸುಖ ಅದೊಂದ ನೆನಪು. ಹೇಳಬ್ಯಾಡೋ. ಎದಿ ಒಡಕೊಂತಾಳ."

"ಆಣಿ ಮಾಡ್ತೀನಿ, ಹೇಳೂದಿಲ್ಲ" ಎಂದ ಅಮರೇಶ. ಮನಸಾರೆಯೇ ಹೇಳಿದ. ಆದರೆ ಅವನ ಬಾಯಲ್ಲಿ ಮಾತು ನಿಲ್ಲುವುದಿಲ್ಲವೆಂದು ಅಂಬಿಕಾಳಿಗಿಂತ ಚೆನ್ನಾಗಿ ಬಲ್ಲವರು ಯಾರು?

ಆ ಭಾನುವಾರ ಮಧ್ಯಾಹ್ನ ಇಬ್ಬರೂ ಅವ್ವನ ಮನೆಗೆ ಊಟಕ್ಕೆ ಹೋದರು. ಬಿಸಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಅಮರೇಶನಿಗೆ ರೊಟ್ಟಿ ಹಾಕುತ್ತ ಹುಲಿಗೆಮ್ಮನಿಗೆ ಎಂದಿನ ನೆನಪು ಉಕ್ಕಿ ಬಂತು.

"ಇಂವ ಹೊಟ್ಯಾಗಿದ್ದಾಗ ಏನು ರಾಜೋಪಚಾರ ಅಂತಿ! ಹಳ್ಳದ ಗಾಳಿ ತಣ್ಣಗ ಬರ್ತಿತ್ತು. ನಮ್ಮತ್ತಿ ಬಟ್ಟಲಾ ಬಾಯಿಗೆ ಹಿಡದು, ಕುಡಿಯವ್ವ, ಕೂಸಿಗೆ ತಂಪು ಅಂತಿದ್ಲು. ಅವ್ವ ಅಂತಿದ್ಲು ನನಗ, ಅವ್ವ!"

"ಅದ ಅಲ್ಲೇನಬೇ ನನ್ನ ತಲಿ ಕೆಡಿಸಿದ್ದು!" ಎಂದ ಅಮರೇಶ. ಅಂದ ಮೇಲೆ ಕೈಯಿಂದ ಬಾಯಿ ಮುಚ್ಚಿಕೊಂಡ.

ಹುಲಿಗೆಮ್ಮ ಮಗಳ ಕಡೆ ನೋಡಿದಳು. ಇನ್ನು ಬಚ್ಚಿಡುವಂತಿರಲಿಲ್ಲ. ಅಂಬಿಕಾ ಎಲ್ಲವನ್ನೂ ಹೇಳಿದಳು. ಹೇಳುತ್ತ ಹೇಳುತ್ತ ಅವ್ವನ ಮುಖವನ್ನೇ ಗಮನಿಸುತ್ತಿದ್ದಳು. ಒಲೆಯ ಮೇಲಿನ ರೊಟ್ಟಿ ಸೀದು ಹೋಯಿತು, ಯಾರೂ ತೆಗೆಯಲಿಲ್ಲ.

"ಅತ್ತಿ ಪಾಪ, ಅಂತಃಕರಣದಿಂದ ಕೊಟ್ಲು" ಎಂದಳು ಹುಲಿಗೆಮ್ಮ ಕೊನೆಗೆ. "ನಾನೂ ತಿಳೀದ ಕುಡದೆ. ಅದಿರ್ಲಿ." ಮಗನ ತೋಳು ಹಿಡಿದು ಹತ್ತಿರ ಎಳೆದುಕೊಂಡಳು. "ಹಂಗಾರ ಇಂವಗ ಹೊಡದ್ನೆಲ್ಲ? ಬೇಕಂತ ಮಾಡ್ತಾನ ಅಂತ ತಿಳದು ಹೊಡದ್ನೆಲ್ಲಬೇ, ದಿನಾ! ಆ ಕೂಸಿನ ಕೈಲೆ ಆಗ್ತಾನ ಇರಲಿಲ್ಲ!"

ಅಮರೇಶ ಗಾಬರಿಯಾಗಿ ಅವಳ ಕಣ್ಣೊರೆಸಿದ. "ಬಿಡಬೇ, ನನಗೆಲ್ಲಿ ನೆನಪದ? ನೆನಪಿಟ್ಟಿದ್ರ ಆವಾಗ್ಲೇ ಶ್ಯಾಣ್ಯಾ ಆಗ್ತಿದ್ದೆ."

ಅಳುತ್ತಿದ್ದ ಹುಲಿಗೆಮ್ಮನಿಗೆ ನಗುವೂ ಬಂತು. ನಗುತ್ತ ಇನ್ನಷ್ಟು ಅತ್ತಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಮಗಳನ್ನು ಕೇಳಿದಳು. "ನಿನ್ನ ಮಷೀನ್ ಬರೋತನಕ ಇದು ಯಾರಿಗೂ ಗೊತ್ತಿದ್ದಿಲ್ಲೇನು?"

ಇಲ್ಲ ಎಂದು ಸುಳ್ಳು ಹೇಳಿದ್ದರೆ ಅವ್ವನಿಗೆ ಸಮಾಧಾನವಾಗುತ್ತಿತ್ತೇನೋ. ಆದರೆ ಅಂಬಿಕಾ ಸುಳ್ಳು ಹೇಳಲಿಲ್ಲ.

"ಗೊತ್ತಿತ್ತವ್ವ. ಯಾವ ಕೂಸಿಗೆ ಎಷ್ಟು ಹೋಗೇದ ಅಂತ ತೋರಿಸ್ತದ ಅಷ್ಟ ಈ ಮಷೀನ್. ಬಸುರಿ ಕುಡಿಯಬಾರದು ಅನ್ನೋದು ಇಂವ ಹುಟ್ಟೋಕಿಂತ ಐವತ್ತು ವರ್ಷ ಮೊದಲ ಡಾಕ್ಟರ್‌ಗೋಳಿಗೆ ಗೊತ್ತಿತ್ತು. ಪುಸ್ತಕದಾಗ ಇತ್ತು."

"ತಿಂಗಳಾ ತಿಂಗಳಾ ದವಾಖಾನಿಗೆ ಹೋಗಿದ್ನೆಲ್ಲ ನಾನು" ಎಂದಳು ಹುಲಿಗೆಮ್ಮ. ದನಿಯಲ್ಲಿ ಸಿಟ್ಟಿರಲಿಲ್ಲ, ಬರೀ ಆಶ್ಚರ್ಯವಿತ್ತು. "ಗುಳಿಗಿ ಕೊಟ್ರು, ಸೂಜಿ ಮಾಡಿದ್ರು, ತೂಕ ನೋಡಿದ್ರು. ಏನವ್ವ, ಶೇಂದಿ ಕುಡೀತಿ ಏನು ಅಂತ ಒಬ್ರರ ಯಾಕ ಕೇಳಲಿಲ್ಲ?"

ಹುಲಿಗೆಮ್ಮ ಅಮರೇಶನನ್ನು ಹೊಟ್ಟೆಯಲ್ಲಿಟ್ಟುಕೊಂಡು ಆ ದವಾಖಾನೆಯ ಬೆಂಚಿನ ಮೇಲೆ ಪಾಳಿ ಕಾಯುತ್ತ ಕೂತಿದ್ದದ್ದು ಎರಡು ಸಾವಿರದ ಇಪ್ಪತ್ತಾರನೆಯ ಇಸವಿಯಲ್ಲಿ.